ಟೈಮರಿನ ಗತಿಸಂಖ್ಯೆ: ಅದನ್ನು ನಿರ್ಣಯಿಸುವ ಅಧಿಕಾರ ಯಾರದು?

ಗಣಕಯಂತ್ರದ ಒಳಗೆ ಸ್ಫಟಿಕದ ತುಣುಕೊಂದು ಅವಿರತವಾಗಿ ಕಂಪಿಸುತ್ತಿರುತ್ತದೆ. ಆ ಕಂಪನಗಳ ಲೆಕ್ಕದಲ್ಲಿ ಟೈಮರ್ ಎಂಬ ಅಂಗವು ಎಣಿಸುತ್ತಿರುತ್ತದೆ. ಆದರೆ ಎಷ್ಟು ಎಣಿಕೆ ಕೂಡಿದರೆ ಒಂದು ಸೆಕೆಂಡು ಸಂದಿತೆಂಬುದನ್ನು ಸ್ಫಟಿಕವೂ ಅರಿಯದು, ಟೈಮರೂ ಅರಿಯದು. ಅದನ್ನು ಅರಿತಿರಬೇಕಾದುದು ಆಪರೇಟಿಂಗ್ ಸಿಸ್ಟಮಿನ ಮೂಲಭಾಗವಾದ ಕರ್ನಲ್. ಒಂದು ಕೆಲಸವನ್ನು ನಿಲ್ಲಿಸಿ ಇನ್ನೊಂದಕ್ಕೆ ಯಾವಾಗ ಸರದಿ ಕೊಡಬೇಕು, ಜಾಲದ ಆಚೆಯಿಂದ ಬರಬೇಕಾದ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು, ಕಡತದ ಮೇಲೆ ಯಾವ ವೇಳೆಯನ್ನು ಒತ್ತಬೇಕು ಎಂಬ ನಿರ್ಣಯಗಳೆಲ್ಲವೂ ಕಟ್ಟಕಡೆಗೆ ಒಂದೇ ಒಂದು ಸಂಖ್ಯೆಯನ್ನು ಆಶ್ರಯಿಸಿವೆ: ಸೆಕೆಂಡಿಗೆ ಟೈಮರು ಎಷ್ಟು ಸಲ ಮಿಡಿಯುತ್ತದೆ? ಈ ಸಂಖ್ಯೆಯನ್ನು ಕರ್ನಲಿಗೆ ಯಾರು ಹೇಳಬೇಕು, ಎಲ್ಲಿ ಬರೆದಿಡಬೇಕು, ತಪ್ಪಿದಾಗ ತಿದ್ದುವವರು ಯಾರು ಎಂಬ ಪ್ರಶ್ನೆಗೆ ಕಳೆದ ನಾಲ್ಕು ದಶಕಗಳಲ್ಲಿ ದೊರೆತಿರುವ ಉತ್ತರಗಳನ್ನು ಸಮೀಕ್ಷಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ವಿಚಾರವನ್ನು ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ನಿಂತು ನೋಡುವುದು ಅನುಚಿತವಲ್ಲ. ರಾಜಾಜಿನಗರದ ಕೈಗಾರಿಕಾ ಪ್ರದೇಶವೂ ಅದರ ಮುಂದುವರಿಕೆಯಂತಿರುವ ಪೀಣ್ಯವೂ ಯಂತ್ರಭಾಗಗಳನ್ನು ಕೊರೆದು ಕಡೆದು ಬದುಕಿದ ಊರುಗಳು; ಇವುಗಳಿಂದ ಬಹುದೂರವಲ್ಲದ ಜಾಲಹಳ್ಳಿಯಲ್ಲಿ ಎಚ್‌ಎಂಟಿಯು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ 1961ರಲ್ಲಿ ಕೈಗಡಿಯಾರದ ಕಾರ್ಖಾನೆಯನ್ನು ತೆರೆಯಿತು. ಅಲ್ಲಿಂದ ಬಂದ 'ಜನತಾ' ಗಡಿಯಾರದ ತೂಗುಚಕ್ರವು ಗಂಟೆಗೆ 18,000 ಸಲ, ಎಂದರೆ ಸೆಕೆಂಡಿಗೆ 5 ಸಲ, ಮಿಡಿಯುತ್ತಿತ್ತು. ಈ ಐದೆಂಬ ಸಂಖ್ಯೆಯನ್ನು ಯಾರೂ ಎಲ್ಲಿಯೂ ಬರೆದಿಡಬೇಕಾಗಿರಲಿಲ್ಲ. ಹಲ್ಲಿನ ಚಕ್ರಗಳ ಪ್ರಮಾಣದಲ್ಲಿಯೇ ಅದು ಲೋಹವಾಗಿ ಅಡಗಿತ್ತು. ಗಡಿಯಾರ ವೇಗವಾಗಿಯೋ ನಿಧಾನವಾಗಿಯೋ ಓಡಬಹುದಿತ್ತೇ ಹೊರತು, ಮಿಡಿಯುವ ಅಂಗವು ಒಂದು ಗತಿಯನ್ನೂ ಎಣಿಸುವ ಅಂಗವು ಬೇರೊಂದು ಗತಿಯನ್ನೂ ನಂಬಿ ನಡೆಯುವ ಸಂಭವವೇ ಇರಲಿಲ್ಲ. ಗಣಕದಲ್ಲಾದರೋ ಇವೆರಡೂ ಬೇರ್ಪಟ್ಟವು. ಸ್ಫಟಿಕವನ್ನು, ಎಂದರೆ ಕ್ರಿಸ್ಟಲ್ಲನ್ನು, ಬೋರ್ಡಿನ ಮೇಲೆ ಬೆಸುಗೆ ಹಾಕುವವನು ಒಬ್ಬ, ಅದರ ಗತಿಯನ್ನು ಪ್ರೋಗ್ರಾಮಿನಲ್ಲಿ ಬರೆಯುವವನು ಇನ್ನೊಬ್ಬ. ಇಬ್ಬರೂ ಬೇರೆ ಬೇರೆ ಊರಿನವರಾಗಿ, ಒಬ್ಬರನ್ನೊಬ್ಬರು ಕಾಣದವರಾಗಿ ಇರಬಹುದು. ಸಮಸ್ತ ಸಮಸ್ಯೆಯ ಮೂಲವೂ ಈ ಬೇರ್ಪಡಿಕೆಯಲ್ಲಿದೆ.

ಇದರ ಅತ್ಯಂತ ಸರಳವಾದ ರೂಪವನ್ನು ಮೈಸೂರು ರಸ್ತೆ, ಕೆಂಗೇರಿಗಳ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬುಗಳಲ್ಲಿ 8051 ಎಂಬ ಹಳೆಯ ಮೈಕ್ರೋಕಂಟ್ರೋಲರನ್ನು ಅಭ್ಯಾಸ ಮಾಡಿದ ವಿದ್ಯಾರ್ಥಿಗಳು ಬಲ್ಲರು. ಆ ಕಿಟ್ಟಿನ ಮೇಲೆ ಸಾಮಾನ್ಯವಾಗಿ ಇರುವುದು 11.0592 ಮೆಗಾಹರ್ಟ್ಸ್ ಕ್ರಿಸ್ಟಲ್. ಚಿಪ್ಪು ಅದನ್ನು 12ರಿಂದ ಭಾಗಿಸಿಕೊಳ್ಳುವುದರಿಂದ ಟೈಮರು ಸೆಕೆಂಡಿಗೆ 9,21,600 ಸಲ ಎಣಿಸುತ್ತದೆ. ಹತ್ತು ಮಿಲಿಸೆಕೆಂಡಿಗೆ 9,216 ಎಣಿಕೆ. ಟೈಮರು 65,536ನ್ನು ಮುಟ್ಟಿದಾಗ ತುಂಬಿ ಸೂಚನೆ ಕೊಡುವುದಾದುದರಿಂದ, 65,536ರಲ್ಲಿ 9,216ನ್ನು ಕಳೆದು ಉಳಿದ 56,320ನ್ನು ಆರಂಭದಲ್ಲಿಯೇ ತುಂಬಿಡಬೇಕು. ಹದಿನಾರರ ಪದ್ಧತಿಯಲ್ಲಿ ಅದು 'ಡಿಸಿ ಸೊನ್ನೆ ಸೊನ್ನೆ'. ವೈವಾದಲ್ಲಿ ಕೇಳಿದರೆ ನಿದ್ದೆಗಣ್ಣಿನಲ್ಲಿಯೂ ಹೇಳುವಷ್ಟು ಈ ಸಂಖ್ಯೆ ಬಾಯಿಪಾಠವಾಗಿರುತ್ತದೆ. ಆದರೆ ಎಸ್‌ಪಿ ರಸ್ತೆಯ ಅಂಗಡಿಯಲ್ಲಿ 12 ಮೆಗಾಹರ್ಟ್ಸಿನ ಕ್ರಿಸ್ಟಲ್ಲನ್ನು ಕೊಂಡು ತಂದು, ಪ್ರಾಜೆಕ್ಟಿನ ಬೋರ್ಡಿಗೆ ಕೂರಿಸಿ, ಬಾಯಿಪಾಠದ ಸಂಖ್ಯೆಯನ್ನೇ ಬರೆದರೆ ಗಡಿಯಾರವು ದಿನವೊಂದಕ್ಕೆ ಸುಮಾರು ಎರಡು ಗಂಟೆ ಮುಂದೆ ಓಡುವುದು. ಪ್ರೋಗ್ರಾಮಿನಲ್ಲಿ ತರ್ಕದೋಷವಿಲ್ಲ, ಬೆಸುಗೆಯಲ್ಲಿ ದೋಷವಿಲ್ಲ, ಕ್ರಿಸ್ಟಲ್ಲೂ ಒಳ್ಳೆಯದೇ. ಇವುಗಳ ನಡುವಣ ಒಪ್ಪಂದವು ಮಾತ್ರ ಮುರಿದಿದೆ.

ಹಾಗಾದರೆ 12 ಎಂಬ ದುಂಡು ಸಂಖ್ಯೆಯನ್ನು ಬಿಟ್ಟು 11.0592ನ್ನು ಮೊದಲು ಆರಿಸಿದ್ದೇಕೆ? ಅದಕ್ಕೆ ಕಾಲಗಣನೆ ಕಾರಣವಲ್ಲ. 9,21,600ನ್ನು 32ರಿಂದ ಭಾಗಿಸಿದರೆ 28,800, ಅದನ್ನು ಮತ್ತೆ 3ರಿಂದ ಭಾಗಿಸಿದರೆ 9,600. ಸೀರಿಯಲ್ ತಂತಿಯ ಮೇಲೆ ಅಕ್ಷರಗಳನ್ನು ಕಳಿಸುವ ವೇಗಕ್ಕೆ ಇದು ಶೇಷವಿಲ್ಲದೆ ಒದಗುತ್ತದೆ. ಎಂದರೆ ಟೈಮರಿನ ಗತಿಸಂಖ್ಯೆಯು ಬೇರೊಂದು ವ್ಯವಹಾರದ ಅನುಕೂಲಕ್ಕಾಗಿ ಹುಟ್ಟಿ, ಕಾಲಗಣನೆಗೆ ಆನುವಂಶಿಕವಾಗಿ ಬಂದಿತು. ಈ ಮಾತು 8051ಕ್ಕಷ್ಟೇ ಸಲ್ಲುವುದಲ್ಲ.

1981ರಲ್ಲಿ ಐಬಿಎಂ ಕಂಪನಿಯು ಹೊರತಂದ ಪರ್ಸನಲ್ ಕಂಪ್ಯೂಟರಿನಲ್ಲಿದ್ದ ಮುಖ್ಯ ಕ್ರಿಸ್ಟಲ್ಲಿನ ಗತಿ 14.31818 ಮೆಗಾಹರ್ಟ್ಸ್. ಅಮೆರಿಕದ ಬಣ್ಣದ ಟೆಲಿವಿಷನ್ನಿನ ವರ್ಣಸಂಕೇತದ ಗತಿಗೆ ಇದು ಸರಿಯಾಗಿ ನಾಲ್ಕರಷ್ಟು. ಅದನ್ನು 3ರಿಂದ ಭಾಗಿಸಿ ಪ್ರೊಸೆಸರಿಗೂ, 12ರಿಂದ ಭಾಗಿಸಿ ಇಂಟೆಲ್ 8253 ಎಂಬ ಟೈಮರಿಗೂ ಕೊಟ್ಟರು. ಹೀಗೆ ಟೈಮರಿನ ಪಾಲಿಗೆ ಬಂದುದು ಸೆಕೆಂಡಿಗೆ 11,93,182 ಎಣಿಕೆ. 1982ರಲ್ಲಿ ಬಣ್ಣಕ್ಕೆ ತಿರುಗಿದ ನಮ್ಮ ದೂರದರ್ಶನವು ಅಮೆರಿಕದ ಪದ್ಧತಿಯನ್ನು ಬಿಟ್ಟು ಪಾಲ್ ಪದ್ಧತಿಯನ್ನು ಅನುಸರಿಸಿದುದರಿಂದ, ಆ ವರ್ಣಸಂಕೇತವು ನಮ್ಮ ಮನೆಗಳ ಟಿವಿಯೊಳಗೆ ಎಂದೂ ಪ್ರವೇಶಿಸಲಿಲ್ಲ; ಆದರೂ ವಿಜಯನಗರದ ಸೈಬರ್ ಕೆಫೆಯಲ್ಲಿ ಒಂದು ಕಾಲಕ್ಕೆ ಸಾಲಾಗಿ ಕುಳಿತಿದ್ದ ಪ್ರತಿಯೊಂದು ಪಿಸಿಯೂ ಅದರ ಮೂರನೆಯ ಒಂದು ಪಾಲಿನ ಲೆಕ್ಕದಲ್ಲಿ ಹೊತ್ತನ್ನು ಎಣಿಸಿತು.

1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಪ್ರಕಟಿಸಿದ ಲಿನಕ್ಸ್ ಕರ್ನಲಿನ ಮೊತ್ತಮೊದಲ ಆವೃತ್ತಿಯಲ್ಲಿ ಈ ಗತಿಯನ್ನು 11,93,180 ಎಂದು ನೇರವಾಗಿ ಬರೆದು, ಸೆಕೆಂಡಿಗೆ 100 ಟಿಕ್, ಎಂದರೆ ಟೈಮರು ಕರ್ನಲಿಗೆ ಕೊಡುವ 100 ಸೂಚನೆ, ಬರುವಂತೆ ನೂರರಿಂದ ಭಾಗಿಸಲಾಗಿತ್ತು. ಮುಂದೆ ಇದಕ್ಕೆ 'ಕ್ಲಾಕ್ ಟಿಕ್ ರೇಟ್' ಎಂಬ ಹೆಸರಿಟ್ಟು, ಪ್ರತಿಯೊಂದು ಜಾತಿಯ ಯಂತ್ರಕ್ಕೂ ಒಂದೊಂದು ತಲೆಕಡತದಲ್ಲಿ ಅದರ ಬೆಲೆಯನ್ನು ಘೋಷಿಸುವ ಸಂಪ್ರದಾಯ ಬೆಳೆಯಿತು. ಸಂಕಲನದ ವೇಳೆಯಲ್ಲಿಯೇ ಸಂಖ್ಯೆಯು ಗೊತ್ತಿದ್ದರೆ ಭಾಗಾಕಾರಗಳೆಲ್ಲವನ್ನೂ ಕಂಪೈಲರು ಮೊದಲೇ ಮುಗಿಸಿಡುವುದರಿಂದ ಯಂತ್ರವು ಓಡುವಾಗ ಶ್ರಮ ಉಳಿಯುತ್ತದೆ. ಅಂದಿನ ಮಂದಗತಿಯ ಪ್ರೊಸೆಸರುಗಳಿಗೆ ಇದು ಸಣ್ಣ ಲಾಭವಾಗಿರಲಿಲ್ಲ.

ಆದರೆ ಶೇಷವೆಂಬುದು ಗಣಿತಜ್ಞನನ್ನು ಬಿಟ್ಟರೂ ಗಡಿಯಾರವನ್ನು ಬಿಡದು. 11,93,182ನ್ನು 100ರಿಂದ ಭಾಗಿಸಿದರೆ 11,931.82, ಟೈಮರಿಗೆ ಪೂರ್ಣಾಂಕವನ್ನೇ ತುಂಬಬೇಕಾದುದರಿಂದ 11,932 ಎಂದಿಟ್ಟರೆ ದಿನಕ್ಕೆ 1.3 ಸೆಕೆಂಡಿನ ಹಿಂದುಳಿಕೆ. 2003ರ ಡಿಸೆಂಬರಿನಲ್ಲಿ ಬಂದ 2.6ನೆಯ ಆವೃತ್ತಿಯು ಪಿಸಿಗಳಲ್ಲಿ ಟಿಕ್ಕುಗಳನ್ನು ಸೆಕೆಂಡಿಗೆ ಸಾವಿರಕ್ಕೆ ಏರಿಸಿದಾಗ ತುಂಬಬೇಕಾದ ಸಂಖ್ಯೆ 1,193 ಆಯಿತು. ಇಲ್ಲಿ ದೋಷವು ದಶಲಕ್ಷಕ್ಕೆ ಸುಮಾರು 152 ಪಾಲು, ದಿನಕ್ಕೆ 13 ಸೆಕೆಂಡು. ಆದುದರಿಂದ ಆ ಕರ್ನಲು ಒಂದು ಟಿಕ್ಕೆಂದರೆ ಹತ್ತು ಲಕ್ಷ ನ್ಯಾನೊಸೆಕೆಂಡು ಎಂದು ಸುಳ್ಳು ನಂಬದೆ, 9,99,848 ಎಂದು ಲೆಕ್ಕವಿಟ್ಟುಕೊಂಡಿತು. 2005ರ ಆಗಸ್ಟಿನಲ್ಲಿ ಬಂದ 2.6.13ರಲ್ಲಿ ಸಾವಿರವನ್ನು 250ಕ್ಕೆ ಇಳಿಸಿದರು. ಅನಂತರ 300 ಎಂಬ ಆಯ್ಕೆಯೂ ಸೇರಿತು, ಏಕೆಂದರೆ ಅದು ಪಾಲ್ ಪದ್ಧತಿಯ 25 ಚೌಕಟ್ಟುಗಳಿಗೂ ಅಮೆರಿಕದ ಪದ್ಧತಿಯ 30 ಚೌಕಟ್ಟುಗಳಿಗೂ ಸಮನಾಗಿ ಭಾಗವಾಗುತ್ತದೆ. ಟಿಕ್ಕಿನ ಸಂಖ್ಯೆಯನ್ನು ಮನುಷ್ಯನು ಆರಿಸಬಹುದು. ಟೈಮರಿನ ಗತಿಯನ್ನಾದರೋ ಇದ್ದುದು ಇದ್ದಂತೆ ಒಪ್ಪಬೇಕು. ಮೊದಲನೆಯದು ಇಚ್ಛೆಗೂ ಎರಡನೆಯದು ವಸ್ತುಸ್ಥಿತಿಗೂ ಸೇರಿದ್ದು. ಇವೆರಡನ್ನೂ ಒಂದೇ ಬಗೆಯ ಸ್ಥಿರಾಂಕಗಳಾಗಿ ಬರೆದುದರಿಂದ ಇವುಗಳ ಸ್ವಭಾವಭೇದವು ಬಹುಕಾಲ ಮರೆಯಾಗಿತ್ತು.

ನಮ್ಮ ನಾಡಿನದೇ ಆದ ಒಂದು ನಿದರ್ಶನವು ಈ ಸಂದರ್ಭದಲ್ಲಿ ಸ್ಮರಣಾರ್ಹವಾಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಬೆಂಗಳೂರಿನ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರೂ ಒಡಗೂಡಿ, ಅಕ್ಷರ ಬಾರದವರೂ ಬಳಸಬಹುದಾದ ಅಗ್ಗದ ಅಂಗೈ ಗಣಕವೊಂದನ್ನು ರೂಪಿಸಿ, ಸಿಂಪ್ಯೂಟರ್ ಎಂಬ ಹೆಸರಿನಿಂದ 2001ರ ಏಪ್ರಿಲಿನಲ್ಲಿ ಲೋಕಕ್ಕೆ ತೋರಿಸಿದರು. ಅದರಲ್ಲಿ ಓಡುತ್ತಿದ್ದುದು ಲಿನಕ್ಸ್. ಪ್ರೊಸೆಸರು ಸ್ಟ್ರಾಂಗ್‌ಆರ್ಮ್ ಎಸ್‌ಎ 1110. ಈ ಪ್ರೊಸೆಸರಿನ ಟೈಮರು ಎಣಿಸುವುದು 3.6864 ಮೆಗಾಹರ್ಟ್ಸ್ ಗತಿಯಲ್ಲಿ; ಅದಕ್ಕೆ ಸಂಬಂಧಿಸಿದ ಕರ್ನಲ್ ಕಡತದಲ್ಲಿ 36,86,400 ಎಂಬ ಘೋಷಣೆಯೂ ಇತ್ತು. ಇದನ್ನು ಮೂರರಿಂದ ಗುಣಿಸಿದರೆ ಬರುವುದು 11.0592, ಲ್ಯಾಬಿನ 8051ರ ಕ್ರಿಸ್ಟಲ್ಲೇ! ಎರಡೂ ಸೀರಿಯಲ್ ತಂತಿಯ ವಂಶದವು. 56ರಿಂದ ಗುಣಿಸಿದರೆ 206 ಮೆಗಾಹರ್ಟ್ಸ್ ಆಗಿ, ಸಿಂಪ್ಯೂಟರಿನ ಪ್ರೊಸೆಸರಿನ ವೇಗವೇ ದೊರೆಯುತ್ತದೆ. 100ರಿಂದ ಭಾಗಿಸಿದರೆ ಶೇಷವೇ ಇಲ್ಲದೆ 36,864 ಬರುವುದರಿಂದ, ಸೆಕೆಂಡಿಗೆ ನೂರು ಟಿಕ್ಕುಗಳ ಪದ್ಧತಿಯಲ್ಲಿ ಪಿಸಿಯನ್ನು ಕಾಡಿದ ಅಂಕದ ದೋಷವು ಈ ಯಂತ್ರವನ್ನು ಮುಟ್ಟಲಿಲ್ಲ. ಟೆಲಿವಿಷನ್ನಿನಿಂದ ಬಂದ ಸಂಖ್ಯೆಗಿಂತ ಸೀರಿಯಲ್ ತಂತಿಯಿಂದ ಬಂದ ಸಂಖ್ಯೆಯು ಕಾಲಗಣನೆಗೆ ಹೆಚ್ಚು ಅನುಕೂಲವಾಗಿ ಒದಗಿದುದು ಆಕಸ್ಮಿಕವೇ ಸರಿ.

ಸ್ಟ್ರಾಂಗ್‌ಆರ್ಮಿಗೆ ಉತ್ತರಾಧಿಕಾರಿಯಾಗಿ ಬಂದ ಇಂಟೆಲಿನ ಪಿಎಕ್ಸ್‌ಎ ಕುಟುಂಬದಲ್ಲಿ ಈ ಸಂಪ್ರದಾಯದ ಮಿತಿಯು ಬಯಲಾಯಿತು. ಪಿಎಕ್ಸ್‌ಎ 25ರ ಮಾಲಿಕೆಗೆ 36,86,400. 27ರ ಮಾಲಿಕೆಗೆ 32,50,000. ಅದೇ ಮಾಲಿಕೆಯ ಒಂದು ಬೋರ್ಡಿಗೆ ಮಾತ್ರ 32,49,600. ತಲೆಕಡತದಲ್ಲಿ 'ಇಂಥ ಚಿಪ್ಪಾದರೆ ಇದು, ಅಂಥದಾದರೆ ಅದು' ಎಂಬ ಷರತ್ತುಗಳು ಬೆಳೆದವು. ಇವು ಸಂಕಲನದ ವೇಳೆಯಲ್ಲಿಯೇ ತೀರ್ಮಾನವಾಗುವುದರಿಂದ, ಒಂದು ಚಿಪ್ಪಿಗೆಂದು ಕಟ್ಟಿದ ಕರ್ನಲು ಅದರ ಒಡಹುಟ್ಟಿದ ಚಿಪ್ಪಿನ ಮೇಲೆ ಕಾಲವನ್ನು ತಪ್ಪಾಗಿ ಎಣಿಸುವುದು. ಆರ್ಮ್ ಪ್ರೊಸೆಸರುಗಳ ಫೋನುಗಳೂ ಬೋರ್ಡುಗಳೂ ನೂರಾರು ಬಗೆಯಾಗಿ ಹರಡಿದ ಮೇಲೆ, ಪ್ರತಿಯೊಂದಕ್ಕೂ ಬೇರೆ ಬೇರೆ ಕರ್ನಲ್ ಕಟ್ಟುವ ಈ ರೀತಿಯು ದುರ್ವಹವಾಯಿತು.

ಪರಿಹಾರವು ಎರಡು ದಿಕ್ಕಿನಿಂದ ಬಂದಿತು. 2006ರಲ್ಲಿ 2.6.18ನೆಯ ಆವೃತ್ತಿಯ ಹೊತ್ತಿಗೆ ಜಾನ್ ಸ್ಟಲ್ಟ್ಸ್ ಮೊದಲಾದವರ ಪ್ರಯತ್ನದಿಂದ 'ಕ್ಲಾಕ್‌ಸೋರ್ಸ್' ಎಂಬ ಸಾಮಾನ್ಯ ವ್ಯವಸ್ಥೆಯು ಕರ್ನಲಿಗೆ ಸೇರಿತು. ಪ್ರತಿಯೊಂದು ಟೈಮರಿನ ಡ್ರೈವರು ತನ್ನ ಗತಿಯನ್ನು ಯಂತ್ರವು ಓಡುತ್ತಿರುವಾಗಲೇ ಬಂದು ನಿವೇದಿಸಬೇಕು. ಕರ್ನಲು ಆ ಗತಿಯಿಂದ ಒಂದು ಗುಣಕವನ್ನೂ ಒಂದು ಸರಿಸುವಿಕೆಯ ಪ್ರಮಾಣವನ್ನೂ ಒಮ್ಮೆ ಗಣಿಸಿಟ್ಟುಕೊಂಡು, ಮುಂದೆ ಎಣಿಕೆಯನ್ನು ಗುಣಿಸಿ ಬಲಕ್ಕೆ ಸರಿಸಿ ನ್ಯಾನೊಸೆಕೆಂಡುಗಳನ್ನು ಪಡೆಯುವುದು. ಓಡುವಾಗ ಭಾಗಾಕಾರ ಮಾಡುವ ಶ್ರಮವು ಇದರಿಂದ ತಪ್ಪಿದುದರಿಂದ, ಸ್ಥಿರಾಂಕದ ಪಕ್ಷಪಾತಿಗಳಿಗಿದ್ದ ಮುಖ್ಯ ವಾದವೇ ಬಿದ್ದುಹೋಯಿತು. ಇನ್ನೊಂದು ದಿಕ್ಕಿನಿಂದ ಬಂದುದು 'ಡಿವೈಸ್ ಟ್ರೀ'. ಬೋರ್ಡಿನ ಮೇಲೆ ಏನೇನಿದೆ, ಯಾವ ಗಡಿಯಾರಕ್ಕೆ ಯಾವ ಗತಿ ಎಂಬ ವರ್ಣನೆಯನ್ನು ಕರ್ನಲಿನ ಹೊರಗೆ ಪ್ರತ್ಯೇಕ ಕಡತದಲ್ಲಿ ಬರೆದು, ಬೂಟಾಗುವಾಗ ಅದನ್ನು ಕರ್ನಲಿನ ಕೈಗೆ ಕೊಡುವ ಪದ್ಧತಿ ಇದು. 2012ರ ಡಿಸೆಂಬರಿನಲ್ಲಿ ಬಂದ 3.7ನೆಯ ಆವೃತ್ತಿಯಲ್ಲಿ ಅನೇಕ ಆರ್ಮ್ ಯಂತ್ರಗಳಿಗೆ ಒಂದೇ ಕರ್ನಲು ಸಾಕೆಂಬ ಸ್ಥಿತಿಯು ಪ್ರಾಪ್ತವಾಯಿತು; ಕ್ಲಾಕ್ ಟಿಕ್ ರೇಟಿನ ಹೆಸರು ಅಲ್ಲಲ್ಲಿ ಉಳಿದರೂ ಅದರ ಅಧಿಕಾರವು ಅಸ್ತಮಿಸಿತು.

ಮುಂದಿನ ಹೆಜ್ಜೆಯಾಗಿ, ಗತಿಸಂಖ್ಯೆಯನ್ನು ಚಿಪ್ಪಿನೊಳಗಿನ ರಿಜಿಸ್ಟರಿನಲ್ಲಿಯೇ ಇಡುವ ಪದ್ಧತಿಯು ಆರ್ಮ್ ಲೋಕದಲ್ಲಿ ರೂಢಿಗೆ ಬಂದಿತು. ಫರ್ಮ್‌ವೇರು ಮೊದಲು ಅಲ್ಲಿ ಬರೆಯಬೇಕು, ಕರ್ನಲು ಅನಂತರ ಅಲ್ಲಿಂದ ಓದಬೇಕು. ಆ ರಿಜಿಸ್ಟರಾದರೋ ತಾನಾಗಿ ಏನನ್ನೂ ಅಳೆಯದು. ಬರೆದುದನ್ನು ತೋರಿಸುವುದಷ್ಟೇ ಅದರ ಕೆಲಸ. ಬರೆಯಲು ಮರೆತ ಫರ್ಮ್‌ವೇರುಗಳು ಇದ್ದುದರಿಂದಲೇ ಡಿವೈಸ್ ಟ್ರೀಯಲ್ಲಿಯೂ ಗತಿಯನ್ನು ಬರೆಯಲು ಅವಕಾಶವಿಟ್ಟು, 'ಇದನ್ನು ಬಳಸದಿರುವುದೇ ಲೇಸು' ಎಂಬ ಎಚ್ಚರಿಕೆಯನ್ನೂ ಜೊತೆಗಿಡಬೇಕಾಯಿತು. ಹೀಗೆ ಅಧಿಕಾರವು ಸ್ಥಳಾಂತರಗೊಂಡಂತೆಲ್ಲ ದೋಷವೂ ಅದರ ಬೆನ್ನು ಹತ್ತಿ ಹೋದುದಕ್ಕೆ ಎರಡು ನಿದರ್ಶನಗಳನ್ನು ಸ್ವಲ್ಪ ಸಮೀಪದಿಂದ ನೋಡುವುದು ತಕ್ಕುದು.

ಮೊದಲನೆಯದು ಇಂಟೆಲಿನ ಸ್ಕೈಲೇಕ್ ಜಿಯಾನ್ ಪ್ರೊಸೆಸರುಗಳದು. ಇವುಗಳ ಕ್ರಿಸ್ಟಲ್ 25 ಮೆಗಾಹರ್ಟ್ಸ್ ಎಂದು ಕರ್ನಲಿನಲ್ಲಿ ಬರೆದಿತ್ತು. ಆದರೆ ಅದೇ ಮಾದರಿ ಸಂಖ್ಯೆಯನ್ನು ಹೊತ್ತ ವರ್ಕ್‌ಸ್ಟೇಷನ್ ಯಂತ್ರಗಳಲ್ಲಿದ್ದುದು 24ರ ಕ್ರಿಸ್ಟಲ್; ಅಲ್ಲಿ ಶೇಕಡ ನಾಲ್ಕರ ದೋಷ, ದಿನಕ್ಕೆ ಐವತ್ತೇಳು ನಿಮಿಷಕ್ಕೂ ಮಿಕ್ಕಿದ ವ್ಯತ್ಯಾಸ. 25ರ ಕ್ರಿಸ್ಟಲ್ಲೇ ಇದ್ದ ಸರ್ವರುಗಳಲ್ಲಿಯೂ ವಿದ್ಯುತ್ಕಾಂತೀಯ ಗದ್ದಲವನ್ನು ತಗ್ಗಿಸುವ ಮಂಡಲವೊಂದು ಗತಿಯನ್ನು ಶೇಕಡ ಕಾಲರಷ್ಟು ಕುಗ್ಗಿಸುತ್ತಿದ್ದುದರಿಂದ ಹತ್ತು ನಿಮಿಷಕ್ಕೆ ಒಂದು ಸೆಕೆಂಡಿಗೂ ಮಿಕ್ಕಿದ ಲೆಕ್ಕದಲ್ಲಿ ವೇಳೆ ತಪ್ಪುತ್ತಿತ್ತು. 2017ರ ಡಿಸೆಂಬರಿನಲ್ಲಿ ಆ ಸಂಖ್ಯೆಯನ್ನು ತೆಗೆದುಹಾಕಿ, ಬೇರೆ ಟೈಮರಿಗೆ ಹೋಲಿಸಿ ಅಳೆಯುವ ಮಾರ್ಗವನ್ನೇ ಹಿಡಿದರು.

ಎರಡನೆಯದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಚಿಪ್ಪುಗಳದು. 1985ರಲ್ಲಿಯೇ ಬೆಂಗಳೂರಿಗೆ ಬಂದು ನೆಲೆಸಿ, ಈ ಊರಿಗೆ ಚಿಪ್ ವಿನ್ಯಾಸದ ವಿದ್ಯೆಯನ್ನು ಪರಿಚಯಿಸಿದ ಸಂಸ್ಥೆಗಳಲ್ಲಿ ಅದು ಅಗ್ರಗಣ್ಯ. ಅದರ ಓಮ್ಯಾಪ್ ಚಿಪ್ಪುಗಳಲ್ಲಿ ಕೈಗಡಿಯಾರದ ಕ್ರಿಸ್ಟಲ್ಲಿನ ಗತಿಯಾದ 32,768 ಹರ್ಟ್ಸನ್ನೇ ಟಿಕ್ಕಿಗೆ ಬಳಸುವ ಏರ್ಪಾಡಿತ್ತು. ನೂರರಿಂದ ಇದು ಸಮನಾಗಿ ಭಾಗವಾಗದು, 128ರಿಂದ ಭಾಗಿಸಿದರೆ ನಿಶ್ಶೇಷವಾಗಿ 256 ಬರುವುದು. ಆದುದರಿಂದ ಆ ಯಂತ್ರಗಳಲ್ಲಿ ಸೆಕೆಂಡಿಗೆ 128 ಟಿಕ್ ಎಂಬ ಅಪರೂಪದ ಪ್ರಮಾಣವನ್ನು ಆರಿಸಿಕೊಂಡರು. ಇದು ವಿವೇಕದ ಮಾತಾಯಿತು. ಮುಂದೆ ವಾಹನಗಳಿಗೆಂದು ಬಂದ ಡಿಆರ್‌ಎ 7 ಚಿಪ್ಪಿನಲ್ಲಿ ಇದೇ ಕ್ರಿಸ್ಟಲ್ ವಿದ್ಯುತ್ತು ಬಂದ ಕೂಡಲೆ ಕಂಪಿಸಲು ತೊಡಗದಿರುವ ದೋಷವು ಕಂಡುಬಂದು, ಚಿಪ್ಪು ತನ್ನ ಮುಖ್ಯ ಗಡಿಯಾರವನ್ನು 610ರಿಂದ ಭಾಗಿಸಿ ಅದನ್ನೇ 32,768 ಎಂದು ನಟಿಸುತ್ತಿದ್ದಿತು. ಮುಖ್ಯ ಗಡಿಯಾರವು 20 ಮೆಗಾಹರ್ಟ್ಸ್ ಆದರೆ ಭಾಗಲಬ್ಧವು 32,786.9, ದಶಲಕ್ಷಕ್ಕೆ 576 ಪಾಲಿನ ದೋಷ, ದಿನಕ್ಕೆ ಐವತ್ತು ಸೆಕೆಂಡು. ಕರ್ನಲು ಈ ಸ್ಥಿತಿಯನ್ನು ಗುರುತಿಸಿ ಬೇರೆ ಪ್ರಮಾಣದಿಂದ ಗತಿಯನ್ನು ಗಣಿಸುವಂತೆ ತಿದ್ದಬೇಕಾಯಿತು.

ಈ 576 ಎಂಬ ಅಂಕೆಗೆ ವಿಶೇಷವಾದ ಮಹತ್ತ್ವವಿದೆ. ಜಾಲದ ಮೂಲಕ ವೇಳೆಯನ್ನು ಸರಿಪಡಿಸುವ ಎನ್‌ಟಿಪಿ ಪದ್ಧತಿಯಲ್ಲಿ ಕರ್ನಲು ಗತಿಯ ತಿದ್ದುಪಡಿಗೆ ಒಪ್ಪುವ ಮೇರೆ ದಶಲಕ್ಷಕ್ಕೆ 500 ಪಾಲು, ಎಂದರೆ ದಿನಕ್ಕೆ 43 ಸೆಕೆಂಡು. ಕ್ರಿಸ್ಟಲ್ಲಿನ ಸಹಜ ಚಾಂಚಲ್ಯವು ಇದಕ್ಕಿಂತ ಬಹಳ ಕೆಳಗಿನದು. ಕೈಗಡಿಯಾರದ ಕ್ರಿಸ್ಟಲ್ಲು 25 ಡಿಗ್ರಿ ಉಷ್ಣತೆಯಲ್ಲಿ ಅತ್ಯಂತ ವೇಗವಾಗಿ ಕಂಪಿಸುವಂತೆ ಕೊಯ್ದಿರುತ್ತದೆ. ಅದರಿಂದ ಅತ್ತಿತ್ತ ಸರಿದ ಡಿಗ್ರಿಗಳ ವರ್ಗವನ್ನು 0.034ರಿಂದ ಗುಣಿಸಿದಷ್ಟು ಪಾಲು ದಶಲಕ್ಷದಲ್ಲಿ ಹಿಂದೆ ಬೀಳುತ್ತದೆ. ಬಸವೇಶ್ವರನಗರದ ಮನೆಯೊಂದರಲ್ಲಿ ಏಪ್ರಿಲಿನ 35 ಡಿಗ್ರಿಯ ಮಧ್ಯಾಹ್ನವು ದಿನವಿಡೀ ಹಾಗೆಯೇ ನಿಂತರೂ ಹಿಂದುಳಿಕೆ ಸೆಕೆಂಡಿನ ಮೂರನೆಯ ಒಂದು ಪಾಲನ್ನು ಮುಟ್ಟದು. ಬಿಸಿಲಲ್ಲಿ ನಿಂತ ಕಾರಿನೊಳಗೆ 60 ಡಿಗ್ರಿಯಾದರೆ ಅದೇ ಲೆಕ್ಕದಲ್ಲಿ ದಿನಕ್ಕೆ ಮೂರೂವರೆ ಸೆಕೆಂಡು. ಪ್ರಕೃತಿಯ ತಪ್ಪು ಈ ಅಳತೆಯದು. ಮನುಷ್ಯನು ಬರೆದ ಸಂಖ್ಯೆಯ ತಪ್ಪಾದರೋ ನೂರಾರು ಪಾಲು, ಸಾವಿರಾರು ಪಾಲು. ದಿನಕ್ಕೆ ಕೆಲವೇ ಸೆಕೆಂಡು ತಪ್ಪಿದರೆ ಕ್ರಿಸ್ಟಲ್ಲನ್ನೂ, ನಿಮಿಷಗಟ್ಟಲೆ ತಪ್ಪಿದರೆ ಕಡತವನ್ನೂ ಮೊದಲು ಶಂಕಿಸಬೇಕೆಂಬುದು ಇದರಿಂದ ಸಿದ್ಧಿಸುತ್ತದೆ.

ಬರೆಯುವುದಕ್ಕೆ ಬದಲಾಗಿ ಅಳೆದುಬಿಡೋಣವೆಂಬುದು ಮತ್ತೊಂದು ಪಕ್ಷ. ಪಿಸಿಯಲ್ಲಿ ಪ್ರೊಸೆಸರಿನ ಎಣಿಕೆಯ ಗತಿಯನ್ನು ಬೂಟಾಗುವಾಗ ಹಳೆಯ 8253ರ ಜೊತೆ ಓಡಿಸಿ ಹೋಲಿಸಿ ಗೊತ್ತುಮಾಡುವುದು ಬಹುಕಾಲದ ರೂಢಿ. ಆದರೆ ಅಳೆಯುವುದಕ್ಕೂ ಒಂದು ಅಳತೆಗೋಲು ಬೇಕು, ಅಳತೆಗೋಲಿನ ಗತಿಯನ್ನು ಯಾರೋ ಬರೆದಿಟ್ಟಿರಬೇಕು. ಆದುದರಿಂದ 11,93,182 ಎಂಬ ಟೆಲಿವಿಷನ್ ವಂಶದ ಸಂಖ್ಯೆಯು ಇಂದಿಗೂ ಕರ್ನಲಿನಲ್ಲಿ ಜೀವಂತವಾಗಿದೆ. ಈ ಪರಂಪರೆಯನ್ನು ಹಿಂದಕ್ಕೆ ಹಿಂದಕ್ಕೆ ಅನುಸರಿಸಿದರೆ ಕಡೆಗೆ ಪರಮಾಣು ಗಡಿಯಾರವನ್ನು ಮುಟ್ಟುತ್ತೇವೆ. ಕೆಂಗೇರಿಯನ್ನು ದಾಟಿ ಹೋದರೆ ಸಿಗುವ ಬ್ಯಾಲಾಳು ಗ್ರಾಮದಲ್ಲಿ, ಚಂದ್ರಯಾನದ ಸಂಕೇತಗಳನ್ನು ಹಿಡಿದ 32 ಮೀಟರಿನ ಆಂಟೆನಾ ಇರುವ ಆವರಣದಲ್ಲಿಯೇ, ಇಸ್ರೋದ ನ್ಯಾವಿಗೇಷನ್ ಕೇಂದ್ರವು 2013ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು; ನಾವಿಕ್ ಉಪಗ್ರಹಗಳ ಕಾಲವನ್ನು ಸೀಸಿಯಂ ಗಡಿಯಾರಗಳಿಂದಲೂ ಹೈಡ್ರೋಜನ್ ಮೇಸರುಗಳಿಂದಲೂ ಕಾಪಾಡುವುದು ಅಲ್ಲಿ. ಉಪಗ್ರಹದ ಮೂಲಗತಿ 10.23 ಮೆಗಾಹರ್ಟ್ಸ್, ಅದನ್ನು 115ರಿಂದ ಗುಣಿಸಿದ 1,176.45 ಮೆಗಾಹರ್ಟ್ಸಿನಲ್ಲಿ ಸಂಕೇತ ಇಳಿದು ಬರುತ್ತದೆ. ಈ ಸಂಖ್ಯೆಗಳಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆದರೂ ಮೊದಲ ಉಪಗ್ರಹದಲ್ಲಿದ್ದ ಮೂರು ರುಬಿಡಿಯಂ ಗಡಿಯಾರಗಳೂ ಕೆಟ್ಟು, ಅದರ ಸ್ಥಾನಕ್ಕೆ ಬೇರೊಂದನ್ನು ಕಳಿಸಬೇಕಾಯಿತು. 2023ರ ಮೇ 29ರಂದು ಹಾರಿದ ಎನ್‌ವಿಎಸ್ 01ರಲ್ಲಿ ಸ್ವದೇಶದ ರುಬಿಡಿಯಂ ಗಡಿಯಾರವನ್ನು ಇಡಲಾಯಿತು. ಸಂಖ್ಯೆಯು ನಿರ್ದುಷ್ಟವಾಗಿದ್ದ ಮಾತ್ರಕ್ಕೆ ಅದನ್ನು ಹೊತ್ತ ವಸ್ತುವು ಬಾಳುವುದೆಂಬ ಭರವಸೆಯಿಲ್ಲ.

ಇಷ್ಟನ್ನೂ ಪರ್ಯಾಲೋಚಿಸಿದರೆ, ಸ್ಥಿರಾಂಕವನ್ನು ಕಡತದಲ್ಲಿ ಬರೆಯುವುದು ಹಳೆಯ ತಪ್ಪು, ಓಡುವಾಗ ಕೇಳಿ ತಿಳಿಯುವುದು ಹೊಸ ಸತ್ಯ ಎಂದು ಸರಳವಾಗಿ ತೀರ್ಪಿಡುವುದು ಉಚಿತವಲ್ಲ. ಪೀಣ್ಯದ ಸಣ್ಣ ಕಾರ್ಖಾನೆಯೊಂದು ಒಂದೇ ಬಗೆಯ ಬೋರ್ಡು, ಒಂದೇ ಬಗೆಯ ಕ್ರಿಸ್ಟಲ್ಲನ್ನು ವರ್ಷಾನುಗಟ್ಟಲೆ ಬಳಸಿ ನಿಯಂತ್ರಕಗಳನ್ನು ತಯಾರಿಸುವಾಗ, ಬೋರ್ಡನ್ನು ರಚಿಸಿದವನೂ ಪ್ರೋಗ್ರಾಮು ಬರೆದವನೂ ಒಂದೇ ಮೇಜಿನ ಎರಡು ಬದಿಯಲ್ಲಿ ಕುಳಿತಿರುವಾಗ, ಗತಿಯನ್ನು ಕಡತದಲ್ಲಿ ಬರೆದರೆ ಅದೇ ಸರಳ, ಅದೇ ಕ್ಷೇಮ. ಬರೆದವನಿಗೂ ಬೆಸೆದವನಿಗೂ ನಡುವೆ ದೂರ ಬೆಳೆದಾಗ ಮಾತ್ರ ಸಂಖ್ಯೆಯು ಕರ್ನಲನ್ನು ಬಿಟ್ಟು ಬೋರ್ಡಿನ ವರ್ಣನೆಗೆ, ಅಲ್ಲಿಂದ ಚಿಪ್ಪಿಗೆ, ಅಲ್ಲಿಂದ ಅಳತೆಗೆ ಸರಿಯಬೇಕಾಗುತ್ತದೆ. ಆರ್ಮ್ ಸಂಸ್ಥೆಯು ತನ್ನ 8.6ನೆಯ ವಿನ್ಯಾಸದಿಂದೀಚೆಗೆ ಎಲ್ಲ ಚಿಪ್ಪುಗಳ ಎಣಿಕೆಯೂ ಸೆಕೆಂಡಿಗೆ ನೂರು ಕೋಟಿ, ಎಂದರೆ ಒಂದು ಗಿಗಾಹರ್ಟ್ಸ್ ಎಂದು ಕಟ್ಟಳೆ ಮಾಡಿದುದೂ ಈ ದೂರವನ್ನು ನಿವಾರಿಸುವ ಇನ್ನೊಂದು ಉಪಾಯವೇ. ಎಲ್ಲರಿಗೂ ಒಂದೇ ಸಂಖ್ಯೆಯಾದ ಮೇಲೆ ಹೇಳುವ ಕೇಳುವ ಕಷ್ಟವು ಬಹುಮಟ್ಟಿಗೆ ತಪ್ಪುತ್ತದೆ.

ಆದುದರಿಂದ ಕರ್ನಲನ್ನು ಬರೆಯುವವರು ಗತಿಸಂಖ್ಯೆಯೊಂದನ್ನು ಕಡತದಲ್ಲಿ ಕಂಡಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು: ಇದು ಯಾವ ಕ್ರಿಸ್ಟಲ್ಲಿನಿಂದ ಯಾವ ಭಾಗಾಕಾರದ ಮೂಲಕ ಬಂದಿತು? ಇದು ತಪ್ಪಾದರೆ ಮೊದಲು ತಿಳಿಯುವವರು ಯಾರು? ತಿಳಿದವರಿಗೆ ಇದನ್ನು ತಿದ್ದುವ ಕೈ ಇದೆಯೇ? ಮೊದಲನೆಯದಕ್ಕೆ ಉತ್ತರವನ್ನು ಸಂಖ್ಯೆಯ ಪಕ್ಕದಲ್ಲಿಯೇ ಎರಡು ಸಾಲಿನ ಟಿಪ್ಪಣಿಯಾಗಿ ಬರೆದಿಡಬಹುದು. ಡಿಆರ್‌ಎ 7ರ ಕಡತದಲ್ಲಿ ಅಂಥ ಟಿಪ್ಪಣಿಯಿರುವುದರಿಂದಲೇ 610 ಎಂಬ ಅಂಕೆಯ ಅರ್ಥ ಇಂದು ಯಾರಿಗಾದರೂ ತಿಳಿಯುತ್ತದೆ. ಉಳಿದೆರಡಕ್ಕೂ ಒಬ್ಬನೇ ವ್ಯಕ್ತಿಯನ್ನೋ ಒಂದೇ ಅಂಗವನ್ನೋ ತೋರಿಸಲು ಸಾಧ್ಯವಾದರೆ, ಅಲ್ಲಿಯೇ ಸಂಖ್ಯೆಯನ್ನು ಇಡತಕ್ಕದ್ದು.